ರೋಗವಿಲ್ಲದ ತುಂಡು

ಮೈಸೂರು
9 ಜೂನ್ 2024

ಅಣ್ಣನಿಗೆ, ಯಶೋಧರಾ ಮಾಡುವ ನಮಸ್ಕಾರ.

ನಾನು ಫೋನ್ ಮಾಡಿದರೆ ನೀನು ಅತ್ತಿಗೆಯ ಕೈಗೆ ಕೊಡುತ್ತೀಯ. ರಾಧಾಮಣಿ ಅತ್ತಿಗೆ "ಅವ್ರು ಡ್ಯೂಟಿಗೆ ಹೋಗವ್ರೆ ಕಣಮ್ಮ" ಅನ್ನುತ್ತಾರೆ, ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ. ಅದಕ್ಕೇ ಈ ರಿಜಿಸ್ಟರ್ಡ್ ಕಾಗದ. ಕೊಡಿಗೇನಹಳ್ಳಿಯ ಪೋಸ್ಟ್‌ಮ್ಯಾನ್ ಮುತ್ತುರಾಜ್, ಅಂದರೆ ನೀನು, ಯಾರ ಕಾಗದವನ್ನೂ ಸುಮ್ಮನೆ ಹಿಂದಕ್ಕೆ ಕಳಿಸಿದವನಲ್ಲ ಎಂಬ ಧೈರ್ಯ.

ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಆಪರೇಷನ್ ಆದಾಗ ಆಸ್ಪತ್ರೆಯವರು ತೆಗೆದ ಕರುಳಿನ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಬೇಕಾದೀತು ಎಂದು ನಿನ್ನ ಕೈಗೆ ಕೊಟ್ಟಿದ್ದರು. ಬೆಂಕಿಪೊಟ್ಟಣದಷ್ಟೂ ಇಲ್ಲದ ಬಿಳಿ ಬಿಲ್ಲೆಗಳು. ಅವು ಇನ್ನೂ ಇವೆಯಾ?

ನಾನು ಕೆಲಸ ಮಾಡುವ ಸಂಶೋಧನಾ ಕೇಂದ್ರದಲ್ಲಿ ಈಗ ಕರುಳಿನ ಕ್ಯಾನ್ಸರ್ ಕುರಿತು ಒಂದು ಅಧ್ಯಯನ ನಡೆದಿದೆ. ನಾವು ನೋಡುವುದು ಗೆಡ್ಡೆಯನ್ನಲ್ಲ. ಅದರ ಪಕ್ಕದಲ್ಲಿ ಏನೂ ಆಗದೆ ಉಳಿದ, ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಚೆನ್ನಾಗಿಯೇ ಕಾಣುವ ಭಾಗವನ್ನು. ಅಪ್ಪ ಪಂಚಾಯಿತಿಯ ನೀರುಗಂಟಿಯಾಗಿದ್ದನಲ್ಲ, ಆ ಲೆಕ್ಕದಲ್ಲೇ ಹೇಳುತ್ತೇನೆ. ಪೈಪು ಒಡೆದಿರುವುದಿಲ್ಲ, ನೀರೂ ಕೆಟ್ಟಿರುವುದಿಲ್ಲ, ಆದರೆ ತೆರೆದಿರಬೇಕಾದ ಒಂದು ವಾಲ್ವು ಮುಚ್ಚಿಕೊಂಡಿರುತ್ತದೆ. ಹಾಗೆಯೇ ಡಿಎನ್‌ಎಯ ಅಕ್ಷರ ಒಂದೂ ಬದಲಾಗದೆ ಅದರ ಮೇಲೆ ಸಣ್ಣ ರಾಸಾಯನಿಕ ಗುರುತುಗಳು ಕೂತು, ಕರುಳನ್ನು ಕಾಯುವ ವಂಶವಾಹಿಗಳನ್ನು ಸುಮ್ಮನಾಗಿಸುತ್ತವೆ. ಇದನ್ನು ಎಪಿಜೆನೆಟಿಕ್ ಬದಲಾವಣೆ ಅನ್ನುತ್ತಾರೆ. ಗೆಡ್ಡೆ ಹುಟ್ಟುವ ಎಷ್ಟೋ ವರ್ಷ ಮೊದಲೇ ಒಳ್ಳೆಯ ಮಾಂಸದಲ್ಲಿ ಈ ಗುರುತು ಕಂಡರೆ, ಯಾರಿಗೆ ಅಪಾಯ ಹೆಚ್ಚು ಎಂದು ಮುಂಚೆಯೇ ತಿಳಿಯಬಹುದೇನೋ. ತಿಳಿಯುತ್ತದೆ ಎಂದು ಇನ್ನೂ ಯಾರೂ ಖಚಿತವಾಗಿ ಹೇಳಿಲ್ಲ. ಅದನ್ನೇ ಹುಡುಕುತ್ತಿದ್ದೇವೆ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಅವ್ವನದೂ ನಿನ್ನದೂ ಸಹಿ ಬೇಕು.

ಇನ್ನೊಂದು ಮಾತು. ನಿನಗೆ ನಲವತ್ತೊಂದು. ಅಪ್ಪನಿಗೆ ಬಂದದ್ದು ಮಕ್ಕಳಿಗೂ ಬರಬಹುದು. ಒಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊ. ಕ್ಯಾಮೆರಾ ಇಟ್ಟು ಕರುಳು ನೋಡುತ್ತಾರೆ, ಅರ್ಧ ಗಂಟೆಯ ಕೆಲಸ.

ಅವ್ವನ ಮಂಡಿನೋವು ಹೇಗಿದೆ?

ಯಶೋಧರಾ


ಕೊಡಿಗೇನಹಳ್ಳಿ
27 ಜೂನ್ 2024

ಯಶೋಧರಾಳಿಗೆ,

ಕಾಗದ ತಲುಪಿತು. ಅವ್ವನ ಮಂಡಿ ಹಾಗೆಯೇ ಇದೆ.

ಬಿಲ್ಲೆಗಳು ಟ್ರಂಕಿನಲ್ಲಿವೆ. ನಾಲ್ಕು. ಪ್ರತಿ ಬೇಸಿಗೆಯಲ್ಲಿ ಮೇಣ ಕರಗೀತೆಂದು ತೆಗೆದು ಮಣ್ಣಿನ ಗೋಡೆಯ ಗೂಡಿನಲ್ಲಿ ತಂಪಿಗೆ ಇಡುತ್ತೇನೆ. ಯಾಕೆ ಇಡುತ್ತೇನೆಂದು ನನಗೂ ಗೊತ್ತಿಲ್ಲ. ನಿನ್ನ ಕಾಗದ ಓದಿ ಹೇಳಿದಾಗ ಅವ್ವ ಕೇಳಿದಳು: "ಅದೇನ್ಲಾ, ನಿಮ್ಮಪ್ಪನ್ ಕರ್ಳು ಇನ್ನೂ ನಮ್ಮನೇಲೈತಾ?" ಇದುವರೆಗೆ ಅವಳಿಗೆ ನಾನು ಹೇಳಿರಲಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ.

ನಾನು ಕೊಡುವುದಿಲ್ಲ. ನೀನು ಎಷ್ಟೇ ಬಿಡಿಸಿ ಬರೆದರೂ ನನಗೆ ಅರ್ಥವಾದದ್ದು ಒಂದೇ. ಅಪ್ಪನ ಮಾಂಸವನ್ನು ಯಂತ್ರಕ್ಕೆ ಹಾಕಿ ರೋಗ ಯಾವಾಗ ಶುರುವಾಯಿತೆಂದು ನೋಡುತ್ತೀರಿ. ಆಗ ಆಸ್ಪತ್ರೆಗೆ ಕರೆದೊಯ್ಯದೆ ಕಳೆದ ನನ್ನ ಹತ್ತು ತಿಂಗಳಿಗೆ ಎಷ್ಟು ಪಾಲು ಬರುತ್ತದೆಂದು ನಿನಗೆ ಸರಿಯಾಗಿ ತಿಳಿಯುತ್ತದೆ. ಆ ಪಾಲನ್ನು ಅಪ್ಪನ ಕಾರ್ಯದ ದಿನ ಪೆಂಡಾಲಿನ ಕೆಳಗೆ, ನೂರು ಜನರ ಮುಂದೆ ನೀನು ಆಗಲೇ ಹೇಳಿಯಾಗಿದೆ. ಮತ್ತೆ ಯಂತ್ರ ಯಾಕೆ?

ಕ್ಯಾಮೆರಾ ಪರೀಕ್ಷೆ ಮಾಡಿಸಿಕೊ ಎಂದಿದ್ದೀಯ. ನೀನೂ ಬೈಲಪ್ಪನ ಮಗಳೇ. ನೀನು ಮಾಡಿಸಿಕೊಂಡಿದ್ದೀಯಾ?

ಜೈ ಭೀಮ್.
ಮುತ್ತುರಾಜ್


ಮೈಸೂರು
14 ಜುಲೈ 2024

ಅಣ್ಣನಿಗೆ,

ಇಲ್ಲ. ಮಾಡಿಸಿಕೊಂಡಿಲ್ಲ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು. ಪ್ರತಿ ವಾರ ರೋಗಿಗಳ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಎದುರಿಗೆ ಕೂರಿಸಿಕೊಂಡು "ಹೆದರಬೇಡಿ, ಒಂದ್ಸಲ ಮಾಡಿಸ್ಕೊಂಬಿಡಿ" ಎಂದು ಹೇಳುವವಳು ನಾನೇ. ಮಾಡಿಸಿಕೊಂಡು ಹೋಗುವಾಗ ಒಬ್ಬ ಅಜ್ಜಿ "ನೀನೂ ಮಾಡಿಸ್ಕಂಡಿದ್ದೀಯೇನಮ್ಮ?" ಅಂದರು. ಹೂಂ ಅಂದೆ. ನಮ್ಮ ಕಟ್ಟಡದಿಂದ ಆ ಪರೀಕ್ಷೆಯ ಕೋಣೆಗೆ ನಲವತ್ತು ಹೆಜ್ಜೆ. ಪ್ರತಿ ಸಲವೂ ಒಂದು ಕಾರಣ ಸಿಗುತ್ತದೆ.

ಬಿಲ್ಲೆಗಳನ್ನು ಇನ್ನು ಕೇಳುವುದಿಲ್ಲ. ಅವ್ವನಿಗೆ ನೋವಾಗುವಂತೆ ಬರೆದೆ, ತಪ್ಪಾಯಿತು.

ಕಾರ್ಯದ ದಿನದ ಬಗ್ಗೆ ಬರೆಯಲು ಕೂತೆ. ಎರಡು ಹಾಳೆ ಹರಿದೆ. ಇದರಲ್ಲೂ ಆಗುತ್ತಿಲ್ಲ.

ಯಶೋಧರಾ


ಕೊಡಿಗೇನಹಳ್ಳಿ
2 ಸೆಪ್ಟೆಂಬರ್ 2024

ಯಶೋಧರಾಳಿಗೆ,

ಇದರ ಜೊತೆಗೆ ಬರುವ ಪಾರ್ಸಲ್‌ನಲ್ಲಿ ನಾಲ್ಕೂ ಬಿಲ್ಲೆಗಳಿವೆ. ನಿನ್ನ ಅತ್ತಿಗೆ ತನ್ನ ತವರು ಹೊಸಕೋಟೆಯಿಂದ ಬಂದ ಕಡಲೆಕಾಯಿಯನ್ನೂ ಕಟ್ಟಿದ್ದಾಳೆ, ಬೇರೆ ಡಬ್ಬಿಯಲ್ಲಿ. ಒಪ್ಪಿಗೆ ಪತ್ರಕ್ಕೆ ಅವ್ವ ತಾನೇ ಸಹಿ ಹಾಕಿದ್ದಾಳೆ. ದಾಸಮ್ಮ ಎಂಬಲ್ಲಿ ಒತ್ತು ಬಿಟ್ಟು ಹೋಗಿ ಮತ್ತೆ ಬರೆದಳು, ಅದು ಸಾಕಾಗುತ್ತದೆಯೋ ನೋಡು.

ಯಾಕೆ ಮನಸ್ಸು ಬದಲಾಯಿತೆಂದು ಹೇಳಬೇಕು.

ಸಂತೆ ಬೀದಿಯಲ್ಲಿ ಟೈಲರ್ ಚಿಕ್ಕರಂಗಯ್ಯ ಗೊತ್ತಲ್ಲ, ನಿನಗೆ ಸ್ಕೂಲಿನ ಲಂಗ ಹೊಲಿಯುತ್ತಿದ್ದವನು. ಹೋದ ತಿಂಗಳು ಅವನಿಗೊಂದು ರಿಜಿಸ್ಟರ್ಡ್ ಬಂತು. ಸಹಿ ಹಾಕಿಸಲು ಹೋದರೆ ಮೆಷಿನ್ನಿನ ಮುಂದೆ ದಿಂಬು ಹಾಕಿಕೊಂಡು ಒಂದು ಮಗ್ಗುಲಾಗಿ ಕೂತಿದ್ದ. ಅರ್ಧಕ್ಕರ್ಧ ಇಳಿದಿದ್ದ.

"ಏನ್ ಚಿಕ್ಕಣ್ಣ, ಹಿಂಗಾಗ್ಬುಟ್ಟಿದ್ದೀಯ?" ಅಂದೆ.

"ಏನಿಲ್ಲ ಮುತ್ತಣ್ಣ, ಉಷ್ಣ. ಮೂಲವ್ಯಾಧಿ. ಏಳು ತಿಂಗ್ಳಿಂದ ರಕ್ತ ಬೀಳ್ತೈತೆ. ಕಳ್ಳಂಬೆಳ್ಳದ ಕಡೆ ಒಬ್ರು ಔಷ್ದಿ ಕೊಡ್ತಾರಲ್ಲ, ಅವ್ರತ್ರ ಹೋಗ್ತಿವ್ನಿ. ವಾಸಿಯಾಯ್ತದಂತೆ."

ಸೈಕಲ್ ಹತ್ತಿ ಹೊರಟೆ. ಕೆರೆ ಏರಿಯವರೆಗೆ ಹೋದೆ. ಅಲ್ಲಿಂದ ಮುಂದಕ್ಕೆ ಕಾಲು ತುಳಿಯಲಿಲ್ಲ. ಅಪ್ಪನನ್ನು ನಾನು ಕರೆದುಕೊಂಡು ಹೋದದ್ದೂ ಅದೇ ಊರಿನ ಕಡೆಗೆ. ಇನ್ನೂ ಹಂಚಬೇಕಿದ್ದ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡೇ ಹಿಂದಕ್ಕೆ ಬಂದು, ಅಂಗಡಿ ಬಾಗಿಲು ಹಾಕಿಸಿ, ಮಾರನೆಯ ದಿನ ರಜೆ ಹಾಕಿ ಅವನನ್ನು ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರು ತುಮಕೂರಿಗೆ ಬರೆದುಕೊಟ್ಟರು. ಕ್ಯಾನ್ಸರೇ. ಆಪರೇಷನ್ ಮಾಡಬಹುದು ಎಂದಿದ್ದಾರೆ. ಅಪ್ಪನಿಗೆ ಮಾಡಿದಾಗ ಡಾಕ್ಟರು ಆ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ.

ಈಗ ನನ್ನದು. ನಿನಗೆ ಗೊತ್ತಿರುವುದಕ್ಕಿಂತ ಕೆಟ್ಟದಾಗಿದೆ. 2012ರ ಏಪ್ರಿಲ್‌ನಲ್ಲಿ ಅಪ್ಪ ನನ್ನನ್ನು ಹಿತ್ತಲಿಗೆ ಕರೆದು ರಕ್ತ ತೋರಿಸಿದ. ಅವನಿಗೆ ನಾಚಿಕೆ. ಮುಖ ಆ ಕಡೆ ತಿರುಗಿಸಿಕೊಂಡು ತೋರಿಸಿದ. ಮೂಲವ್ಯಾಧಿ ಎಂದು ಹೇಳಿದ್ದು ಅವನಲ್ಲ, ಔಷಧಿಯವನೂ ಅಲ್ಲ. ನಾನು. ಎಸ್ಸೆಲ್ಸಿ ಪಾಸಾಗಿ ಕೆಲಸಕ್ಕೆ ಸೇರಿದ ಮಗ ಹೇಳಿದ್ದಾನೆಂದು ಅವನು ನಂಬಿದ. ಆಸ್ಪತ್ರೆಗೆ ಹೋಗೋಣವೇ ಎಂದು ಅವನೇ ಒಂದು ಸಲ ಕೇಳಿದ್ದ. ಇನ್ನೊಂದು ತಿಂಗಳು ನೋಡೋಣ ಅಂದೆ.

ಆದ್ದರಿಂದ ಬಿಲ್ಲೆ ಏನು ಹೇಳಿದರೂ ಹೇಳು. ಸಕ್ಕರೆ ಸವರಬೇಡ.

ಮುತ್ತುರಾಜ್


ಮೈಸೂರು
20 ನವೆಂಬರ್ 2024

ಅಣ್ಣನಿಗೆ,

ತಡವಾಯಿತು. ಅಪ್ಪನ ಬಿಲ್ಲೆಗಳನ್ನು ನಾನು ಮುಟ್ಟುವಂತಿರಲಿಲ್ಲ. ಸ್ವಂತದವರ ಮಾದರಿಯನ್ನು ನಾವೇ ಪರೀಕ್ಷಿಸಬಾರದೆಂಬ ನಿಯಮವಿದೆ. ನಮ್ಮ ಹಿರಿಯರಾದ ನಾಗಲಿಂಗಯ್ಯ ಸರ್ ತಾವೇ ಮಾಡಿದರು. ಇಂಥ ಫಲಿತಾಂಶವನ್ನು ಮನೆಯವರಿಗೆ ಹೇಳುವ ರೂಢಿಯೂ ಇಲ್ಲ. ಕೇಂದ್ರದ ಸಮಿತಿಯನ್ನು ಕೇಳಿ ಒಪ್ಪಿಗೆ ಪಡೆದು, ನನ್ನನ್ನು ಕೂರಿಸಿಕೊಂಡು ಹೇಳಿದರು.

ನಾಲ್ಕು ಬಿಲ್ಲೆಗಳಲ್ಲಿ ಮೂರು ಗೆಡ್ಡೆಯದು. ನಾಲ್ಕನೆಯದು ಅಲ್ಲಿಂದ ಒಂದು ಅಂಗೈಯಗಲ ದೂರದಲ್ಲಿ ಕತ್ತರಿಸಿದ ಅಂಚು. ಅದರಲ್ಲಿ ರೋಗವಿಲ್ಲ. ಸರ್ ನನಗೆ ಗಾಜಿನ ಮೇಲೆ ಅದನ್ನು ತೋರಿಸಿದರು, ನೋಡುವುದಕ್ಕೆ ಅಡ್ಡಿಯಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ, ಸಾಲಾಗಿ, ಅಚ್ಚುಕಟ್ಟಾಗಿ, ಪುಸ್ತಕದ ಚಿತ್ರದ ಹಾಗೆ. ಆದರೆ ಪರೀಕ್ಷೆಯಲ್ಲಿ ಆ ತುಂಡಿನ ತುಂಬ ಆ ರಾಸಾಯನಿಕ ಗುರುತುಗಳು. ರೋಗವಿಲ್ಲದವರಿಗಿಂತ ಎಷ್ಟೋ ಪಟ್ಟು. ಅಂಥವು ಹತ್ತು ತಿಂಗಳಲ್ಲಿ ಕೂರುವಂಥವಲ್ಲ, ವರ್ಷಗಟ್ಟಲೆ ಬೇಕು. ಅಪ್ಪ ಹಗ್ಗಜಗ್ಗಾಟದಲ್ಲಿ ಗೆದ್ದು ಸ್ಟೀಲ್ ಬಿಂದಿಗೆ ತಂದ ವರ್ಷವೂ ಅವು ಇದ್ದಿರಬಹುದು ಎಂದುಕೊಂಡೆ.

ಅವತ್ತು ಮನೆಗೆ ಬಂದು ನಿನಗೊಂದು ಕಾಗದ ಬರೆದೆ. "ರೋಗ ಎಷ್ಟೋ ಮೊದಲೇ ಶುರುವಾಗಿತ್ತು, ನಿನ್ನ ತಪ್ಪು ಏನೂ ಇಲ್ಲ" ಎಂದು. ಅಂಚೆ ಡಬ್ಬಿಯ ಹತ್ತಿರ ಹೋಗಿ ಹಿಂದಕ್ಕೆ ತಂದೆ. ಸಕ್ಕರೆ ಸವರಬೇಡ ಅಂದಿದ್ದೆಯಲ್ಲ.

ನಿಜ ಇಷ್ಟು. ಆ ತುಂಡು ಹೇಳುವುದು ರೋಗದ ದಾರಿ ಬಹಳ ಹಿಂದಿನಿಂದ ಬಂದದ್ದು ಎಂದು ಮಾತ್ರ. ಏಪ್ರಿಲ್‌ನಲ್ಲೇ ಆಸ್ಪತ್ರೆಗೆ ಹೋಗಿದ್ದರೆ ಅಪ್ಪ ಬದುಕುತ್ತಿದ್ದನೇ ಎಂಬುದನ್ನು ಅದು ಹೇಳುವುದಿಲ್ಲ. ಬದುಕುತ್ತಿದ್ದನೇನೋ. ಇಲ್ಲವೇನೋ. ಅದನ್ನು ಯಾವ ಯಂತ್ರವೂ ಹೇಳಲಾರದು, ನಾನೂ ಹೇಳಲಾರೆ. ನನಗೂ ನಿನಗೂ ಇರುವ ಅಪಾಯವನ್ನೂ ಒಂದು ತುಂಡಿನಿಂದ ಅಳೆಯಲು ಬರುವುದಿಲ್ಲ.

ನಾನು ಹೇಳಬಲ್ಲದ್ದು ಬೇರೆ. ನೀನು ರೋಗವನ್ನು ತಪ್ಪಾಗಿ ತಿಳಿದೆ. ಅಪ್ಪನನ್ನು ಕೊಲ್ಲಲಿಲ್ಲ. ಕಾರ್ಯದ ದಿನ ಕೊಂದೆ ಎಂದು ನಾನು ಕೂಗಿದ್ದು ನೀನು ಕೊಂದೆ ಎಂದು ಅನ್ನಿಸಿ ಅಲ್ಲ. ರೋಗ ಗೊತ್ತಾದ ಫೆಬ್ರುವರಿಯಿಂದ ಜೂನ್‌ವರೆಗೆ ನೀವೆಲ್ಲ ಅವನ ಹತ್ತಿರ ಇದ್ದಿರಿ. ನಾನು ಇಲ್ಲಿ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಬಂದಾಗ ಅವನಿಗೆ ಹನ್ನೆರಡು ದಿನ ಉಳಿದಿತ್ತು. ನನಗೆ ಹೇಳಲಿಲ್ಲವಲ್ಲ ಎಂಬ ಸಿಟ್ಟನ್ನು ಹೇಗೆ ಕೂಗಬೇಕೋ ತಿಳಿಯದೆ ಆ ಮಾತನ್ನು ಕೂಗಿದೆ.

ಜನವರಿ ಹದಿನೆಂಟು, ಶನಿವಾರ, ಇಲ್ಲಿಯ ಆಸ್ಪತ್ರೆಯಲ್ಲಿ ಇಬ್ಬರ ಹೆಸರನ್ನೂ ಬರೆಸಿದ್ದೇನೆ. ನಿನ್ನ ಹಿಂದೆಯೇ ನನ್ನದು. ಬಾ ಅಣ್ಣ.

ಯಶೋಧರಾ


ಕೊಡಿಗೇನಹಳ್ಳಿ
5 ಡಿಸೆಂಬರ್ 2024

ಯಶೂ,

ನಿನ್ನ ಕಾಗದವನ್ನು ಅವ್ವನಿಗೆ ಪೂರ್ತಿ ಓದಿದೆ. ಮುಗಿದ ಮೇಲೆ ಬಹಳ ಹೊತ್ತು ಅವಳು ರಾಗಿ ಕೇರುತ್ತಲೇ ಇದ್ದಳು. ಆಮೇಲೆ ಹೇಳಿದಳು: "ಬಿಂದ್ಗೆ ತಂದಾಗ್ಲೇ ಇತ್ತಂತಾ? ಅವತ್ತು ನಾನು ಎಷ್ಟು ಕುಣುದ್ಬುಟ್ಟಿದ್ದೆ ಕಣ್ಲಾ."

ರಜೆ ಸಿಕ್ಕಿದೆ. ಅವ್ವನೂ ಬರುತ್ತಾಳಂತೆ. ಮಂಡಿ ನೋವಿನಲ್ಲಿ ಬೇಡ ಎಂದರೆ "ಇಬ್ರೂ ಮಲಿಕ್ಕಂಡ್ರೆ ಹೊರಗ್ ಕುಂತ್ಕಳ್ಳೋರ್ ಬ್ಯಾಡ್ವಾ?" ಎಂದಳು. ಅವಳನ್ನೂ ಕರೆದುಕೊಂಡು ಬರುತ್ತೇನೆ.

ಚಿಕ್ಕರಂಗಯ್ಯನ ಆಪರೇಷನ್ ಆಯಿತು. ಮಲ ಹೋಗಲು ಹೊಟ್ಟೆಗೆ ಚೀಲ ಹಾಕಿದ್ದಾರೆ. ಅದನ್ನು ಮುಚ್ಚಿಕೊಳ್ಳಲು ತಾನೇ ಒಂದು ಸಡಿಲ ಅಂಗಿ ಹೊಲಿದುಕೊಂಡಿದ್ದಾನೆ. ನನ್ನನ್ನು ನೋಡಿದರೆ ಒಂದೊಂದು ದಿನ ಅಳುತ್ತಾನೆ, ಒಂದೊಂದು ದಿನ ಬಯ್ಯುತ್ತಾನೆ.

ಮುತ್ತುರಾಜ್


ಕೊಡಿಗೇನಹಳ್ಳಿ
23 ಜನವರಿ 2025

ಯಶೂ,

ಕ್ಷೇಮವಾಗಿ ಬಂದು ಸೇರಿದೆವು. ಕರುಳು ತೊಳೆಯಲು ಕುಡಿಸಿದ ಆ ಭೇದಿ ಔಷಧಿ ಇದೆಯಲ್ಲ, ಎರಡು ಲೀಟರ್, ನಿಂಬೆಹಣ್ಣಿನ ರುಚಿ ಎಂದು ಪ್ಯಾಕೆಟ್ಟಿನ ಮೇಲೆ ಬರೆದವನನ್ನು ಒಮ್ಮೆ ನೋಡಬೇಕು. ನಿನ್ನ ಮನೆಯ ಒಂದೇ ಕಕ್ಕಸಿಗೆ ಅಣ್ಣ ತಂಗಿ ಸರದಿ ನಿಂತದ್ದನ್ನು ಅವ್ವ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ. "ಹನ್ನೊಂದ್ ವರ್ಸ ಮಾತಾಡ್ದೇ ಇದ್ದೋರು, ಬಾಗ್ಲು ತಟ್ಕಂಡು ಮಾತಾಡುದ್ರು" ಎಂದು.

ನನ್ನ ಕರುಳಿನಲ್ಲಿ ಏನೂ ಇಲ್ಲ, ಐದು ವರ್ಷ ಬಿಟ್ಟು ಬಾ ಎಂದರು. ಚೆನ್ನಾಗಿರುವ ಕಡೆಯಿಂದ ಎರಡು ಚೂರನ್ನು ಅಧ್ಯಯನಕ್ಕೆ ಕೊಟ್ಟೆ. ಅದರ ಫಲಿತಾಂಶ ನನಗೆ ಹೇಳುವುದಿಲ್ಲವೆಂದು ಡಾಕ್ಟರು ಮೊದಲೇ ತಿಳಿಸಿದರು. ಸರಿ ಅಂದೆ.

ನೀನೂ ಹೊರಗೆ ಬಂದು "ನಂದೂ ಕ್ಲಿಯರ್" ಎಂದೆ. ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಸೆರಗೊಡ್ಡಿ ಕೈಮುಗಿದಳು. ನಿನಗೆ ಅವತ್ತು ಬಹಳ ಸುಸ್ತಾಗಿತ್ತು. ಹೋಟೆಲಿನಲ್ಲಿ ದೋಸೆಯನ್ನು ಬರೀ ಮುರಿಯುತ್ತಾ ಕೂತಿದ್ದೆ. ಸರಿಯಾಗಿ ಊಟ ಮಾಡು.

ಅಣ್ಣ


ಮೈಸೂರು
4 ಫೆಬ್ರುವರಿ 2025

ಅಣ್ಣ,

ನಾನು ಸುಳ್ಳು ಹೇಳಿದೆ.

ನನ್ನದು ಕ್ಲಿಯರ್ ಇರಲಿಲ್ಲ. ಎರಡು ಪಾಲಿಪ್ ಇದ್ದವು, ಸಣ್ಣ ಗಂಟುಗಳು. ಒಂದು ಅಕ್ಕಿ ಕಾಳಿನಷ್ಟು. ಇನ್ನೊಂದು ದೊಡ್ಡದು, ಗೋಲಿಯಷ್ಟು. ಕ್ಯಾಮೆರಾದ ಜೊತೆಗೇ ತಂತಿ ಹಾಕಿ ತೆಗೆದರು. ದೊಡ್ಡದರ ಬಣ್ಣ ಚೆನ್ನಾಗಿಲ್ಲ, ಪರೀಕ್ಷೆಗೆ ಕಳಿಸುತ್ತೇವೆ, ಹತ್ತು ದಿನ ಕಾಯಿರಿ ಎಂದರು. ಬಾಗಿಲು ತೆರೆದು ಬಂದರೆ ನೀನು ನಗುತ್ತಿದ್ದೆ. ಅವ್ವ ನಿನ್ನ ಹೊಟ್ಟೆ ಸವರುತ್ತಿದ್ದಳು. ಬಾಯಿಂದ ಆ ಮಾತು ತಾನಾಗಿ ಬಂತು.

ಹದಿನಾರು ದಿನವಾಯಿತು ವರದಿ ಬರುವುದಕ್ಕೆ. ನೀವು ಊರಿಗೆ ಹೋದ ಮೇಲೆ ಅವ್ವ ದಿನಾ ಫೋನ್ ಮಾಡಿದಳು. "ಉಂಡ್ಯಾ?" ಅನ್ನುವಳು, "ಉಂಡೆ" ಅನ್ನುತ್ತಿದ್ದೆ. ಹೇಳಿಬಿಡೋಣ ಎಂದು ಬಾಯಿ ತೆರೆದರೆ ಅವಳು ಇನ್ನೊಂದು ಸಲ ಕಕ್ಕಸಿನ ಕಥೆ ಹೇಳಿ ನಗುವಳು. ಅವಳ ನಗುವಿನ ಮೇಲೆ ಅದನ್ನು ಹೇಗೆ ಹಾಕಲಿ? ಲ್ಯಾಬಿನಲ್ಲಿ ಬೇರೆಯವರ ಮಾದರಿಗಳನ್ನು ಎಣಿಸುವಾಗ ಸಂಖ್ಯೆ ತಪ್ಪುತ್ತಿತ್ತು. ಹೇಳದೆ ಇರುವುದು ಸುಮ್ಮನಿರುವುದಲ್ಲ, ಅದೊಂದು ಕೆಲಸ, ದಿನವಿಡೀ ಮಾಡಬೇಕಾದ ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ವರದಿ ಬಂತು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಆಗುತ್ತಿತ್ತು. ಗಂಟು ಪೂರ್ತಿ ಹೊರಗೆ ಬಂದಿದೆ, ಅಂಚು ಸ್ವಚ್ಛವಾಗಿದೆ. ಒಂದು ವರ್ಷಕ್ಕೆ ಮತ್ತೆ ನೋಡಬೇಕು, ಆಮೇಲೂ ಆಗಾಗ. ನೀನು "ನೀನು ಮಾಡಿಸಿಕೊಂಡಿದ್ದೀಯಾ?" ಎಂದು ಕೇಳದೇ ಹೋಗಿದ್ದರೆ ನಾನು ಆ ನಲವತ್ತು ಹೆಜ್ಜೆ ನಡೆಯುತ್ತಿರಲಿಲ್ಲ.

ನನ್ನದು ಹದಿನಾರು ದಿನ. ನೀನು ನಾಲ್ಕು ತಿಂಗಳು ನನಗೆ ಹೇಳದೆ ಇಟ್ಟುಕೊಂಡಿದ್ದೆ. ಭಾನುವಾರಗಳಲ್ಲಿ ಹಾಸ್ಟೆಲಿಗೆ ಫೋನ್ ಮಾಡಿ "ಎಲ್ಲ ಚೆನ್ನಾಗವ್ರೆ, ನೀನ್ ಓದ್ಕೊ" ಅನ್ನುತ್ತಿದ್ದೆ. ಒಂದು ಸಲವೂ ನಿನ್ನ ದನಿ ಬದಲಾಗಲಿಲ್ಲ. ಆಗ ನೀನು ಹೇಗಿದ್ದೆ ಅಣ್ಣ? ಹನ್ನೊಂದು ವರ್ಷದಲ್ಲಿ ನಾನಿದನ್ನು ಕೇಳಲೇ ಇಲ್ಲ.

ಕಾರ್ಯದ ದಿನ ನಾನು ಆಡಿದ ಮಾತಿಗೆ ನನ್ನನ್ನು ಕ್ಷಮಿಸು.

ಯಶೂ


ಕೊಡಿಗೇನಹಳ್ಳಿ
10 ಫೆಬ್ರುವರಿ 2025

ಯಶೂ,

ಓದಿದ ತಕ್ಷಣ ಬಂದ ಸಿಟ್ಟಿಗೆ ಕಾಗದವನ್ನು ಮೇಜಿನ ಮೇಲೆ ಬಡಿದೆ, ರಾಧಾಮಣಿ ಒಳಗಿನಿಂದ ಓಡಿ ಬಂದಳು. ಅವ್ವನಿಗೆ ಹೇಳಿದೆವು. ಅವಳು ಬೆಚ್ಚಲಿಲ್ಲ. "ದ್ವಾಸೆ ಮುರೀತಿದ್ದಾಗ್ಲೇ ಅಂದ್ಕಂಡೆ. ಹೆತ್ತೋಳ್ ಮುಂದೆ ಮುಚ್ಚಿಡಕಾಯ್ತದಾ?" ಎಂದಳು. ಮತ್ತೆ ದಿನಾ ಯಾಕೆ ಕಕ್ಕಸಿನ ಕಥೆ ಹೇಳಿ ನಗಿಸುತ್ತಿದ್ದೆ ಎಂದು ಕೇಳಿದರೆ, "ಇನ್ನೇನ್ ಮಾಡ್ಲಿ, ಅದೊಂದೇ ನಂಗ್ ಗೊತ್ತಿದ್ದಿದ್ದು" ಎಂದು ಮುಖ ತಿರುಗಿಸಿಕೊಂಡಳು.

ಕ್ಷಮಿಸು ಎಂದಿದ್ದೀಯ. ಆಯಿತು. ಆದರೆ ಇಷ್ಟು ವರ್ಷ ನಾನು ಕಾದದ್ದು ಆ ಮಾತಿಗಲ್ಲ. ಆಗ ಹೇಗಿದ್ದೆ ಎಂದು ಯಾರಾದರೂ ಕೇಳಬಹುದೆಂದು ಕಾದೆ. ನೀನು ಕೇಳಿದ್ದೀಯ, ಹೇಳುತ್ತೇನೆ.

ತುಮಕೂರಿನಲ್ಲಿ ಕ್ಯಾನ್ಸರ್ ಎಂದು ಹೇಳಿದ ದಿನ ಅಪ್ಪನನ್ನು ಬಸ್ಸಿಗೆ ಹತ್ತಿಸಿಕೊಂಡು ಬರುತ್ತಿದ್ದೆ. ಕೊರಟಗೆರೆಯಲ್ಲಿ ಬಸ್ಸು ನಿಂತಿತು. ಅಪ್ಪ ಇಳಿಯೋಣ ಎಂದ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಎಳನೀರು ಕುಡಿದ. ಬುರುಡೆ ಕೆಳಗಿಟ್ಟು ಹೇಳಿದ:

"ಯಶೂಗೆ ಪರೀಕ್ಷೆ ಮುಗೀಲಿ ಕಣ್ಲಾ. ಅಲ್ಲೀಗಂಟ ಹೇಳ್ಬ್ಯಾಡ. ನಮ್ಮ ಪೈಕೀಲಿ ಅಷ್ಟು ಓದ್ದೋರು ಯಾರವ್ರೆ? ಅವ್ಳು ಸಿಟ್ ಮಾಡ್ಕಂಡ್ರೆ ನೀನೇ ಸಹಿಸ್ಕಳ್ಳಪ್ಪ. ನಾನ್ ಹೇಳ್ದೆ ಅಂತ ಅನ್ಬ್ಯಾಡ, ಅವ್ಳಿಗೆ ನನ್ ಮ್ಯಾಲೆ ಸಿಟ್ಟು ಉಳೀಬಾರ್ದು. ನೀನೊಬ್ನೇ ಹೊತ್ಕಂಡಿರು. ನಿಂಗಾಯ್ತದೆ."

ಹೂಂ ಎಂದೆ. ಮುಂದಿನ ಬಸ್ಸು ಬಂತು, ಹತ್ತಿದೆವು. ಅವನು ನನ್ನ ಹೆಗಲಿಗೆ ತಲೆಯಿಟ್ಟು ಮಧುಗಿರಿಯವರೆಗೂ ನಿದ್ದೆ ಮಾಡಿದ.

ನನಗೆ ಆಗಲಿಲ್ಲ ಯಶೂ. ಆಗುತ್ತದೆ ಎಂದು ಎಲ್ಲರ ಮುಂದೆ ಓಡಾಡಿಕೊಂಡಿದ್ದೆ, ಅಷ್ಟೇ. ಒಂದು ದಿನವೂ ಆಗಲಿಲ್ಲ.

ನಿನ್ನ ಅಣ್ಣ,
ಮುತ್ತುರಾಜ್